ತಲೆಕೆಳಗಾಗಿ ಬೇರು ಬಿಟ್ಟ ಬಳ್ಳಿ

ಮೊನ್ನೆ ಕಾಲೇಜಿನಲ್ಲಿ ಪಾಠ ಮುಗಿಸಿ ಚನ್ನಗಿರಿಯ ಅಡಿಕೆ ಮಂಡಿಗಳ ಬೀದಿಯಲ್ಲಿ ಬರುತ್ತಿದ್ದೆ. ಹೇಳದೆ ಕೇಳದೆ ಒಂದು ಮಳೆ ಬಂತು. ಹಮಾಲರು ಟಾರ್ಪಾಲು ಎಳೆಯುವಷ್ಟರಲ್ಲಿ ಹೊರಗೆ ಪೇರಿಸಿಟ್ಟಿದ್ದ ಖಾಲಿ ಗೋಣಿಚೀಲಗಳು ತೊಯ್ದು ಹೋದವು. ನಾನು ಅಂಗಡಿಯೊಂದರ ಕಟ್ಟೆ ಹತ್ತಿ ನಿಂತೆ. ಸ್ವಲ್ಪ ಹೊತ್ತಿಗೆ ಬಿಸಿಲು ಬಂತು, ಚೀಲಗಳಿಂದ ಹಬೆ ಎದ್ದಿತು, ಅದರ ಜೊತೆಗೆ ಒದ್ದೆ ಗೋಣಿಯ ವಾಸನೆ. ನಮ್ಮೂರಿನವರಿಗೆ ಅದು ದಿನನಿತ್ಯದ್ದು, ಯಾರೂ ಮೂಗು ಎತ್ತಿ ಗಮನಿಸುವುದಿಲ್ಲ. ನಾನು ಮಾತ್ರ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟೆ. ಅಂಗಡಿಯ ಯಜಮಾನರು ತಲೆಸುತ್ತು ಬಂದಿರಬೇಕೆಂದು ಕುರ್ಚಿ ಕೊಟ್ಟು ನೀರು ತರಿಸಿದರು. ಕುಡಿದೆ. ಜಗಳೂರಿನ ಒಂದು ಚಳಿಗಾಲ ನೆನಪಾಯಿತು ಎಂದು ಅವರಿಗೆ ಹೇಳುವುದು ಹೇಗೆ?

ಆ ವರ್ಷ ನಾನು ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ನಮಗೆ ಪಾಠ ಹೇಳಿದ್ದ ಮೇಡಂ ಒಬ್ಬರು ದ್ರಾಕ್ಷಿ ಕಡ್ಡಿಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಒಂದು ಹಂಗಾಮಿನ ಮಟ್ಟಿಗೆ ಸಹಾಯಕಿಯಾಗಿ ಹೋಗುತ್ತೀಯಾ ಎಂದು ಕೇಳಿದರು. ಜಗಳೂರಿನ ಹೊರಗೆ ಮಹೇಶ್ವರಪ್ಪ ಎಂಬುವರ ದ್ರಾಕ್ಷಿ ನರ್ಸರಿ ಇತ್ತು. ಅಲ್ಲಿ ಕಡ್ಡಿ ನೆಡುತ್ತಾರೆ, ಕೆಲವು ಬೇರು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಯಾಕೆ ಎಂಬುದೇ ಪ್ರಶ್ನೆ. ಕಡ್ಡಿಯ ಬುಡವನ್ನು ಮಂಜುಗಡ್ಡೆಯ ಮೇಲಿಟ್ಟ ಒರಳಿನಲ್ಲಿ ಅರೆದು, ಸೋಸಿ, ಅದರೊಳಗಿನ ಕಿಣ್ವಗಳು ಎಷ್ಟು ಚುರುಕಾಗಿವೆ ಎಂದು ನೋಡುವುದು ನನ್ನ ಕೆಲಸ. ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಕಡ್ಡಿ ಅರೆಯಾಕೆ ಎಂಎಸ್ಸಿ ಬೇಕಿತ್ತಾ ಎಂದು ನಕ್ಕರು. ಆದರೂ ಬಸ್‌ಸ್ಟ್ಯಾಂಡಿನವರೆಗೆ ಬಂದು ಹಾಸಿಗೆಯ ಸುರುಳಿಯನ್ನು ಬಸ್ಸಿಗೆ ಹಾಕಿಕೊಟ್ಟರು.

ಚನ್ನಗಿರಿಯ ಹಸಿರು ಕಂಡ ಕಣ್ಣಿಗೆ ಜಗಳೂರು ಮೊದಲು ಬೋಳು ಬೋಳಾಗಿ ಕಂಡಿತು. ಮೆಕ್ಕೆಜೋಳ ಮುರಿದು ಮುಗಿದ ಹೊಲಗಳು, ದೂರದ ಗುಡ್ಡದ ಮೇಲೆ ನಿಧಾನವಾಗಿ ತಿರುಗುವ ಗಾಳಿಯಂತ್ರಗಳು, ಮಿಕ್ಕಿದ್ದೆಲ್ಲ ಆಕಾಶ. ಕೆಲವು ದಿನ ಕಳೆಯುವಷ್ಟರಲ್ಲಿ ಆ ಆಕಾಶವೇ ಇಷ್ಟವಾಗತೊಡಗಿತು. ಬೆಳಿಗ್ಗೆ ಮಂಜು ನೆಲಕ್ಕೆ ಅಂಟಿಕೊಂಡು ಮಲಗಿರುತ್ತಿತ್ತು, ಅದರ ಮೇಲೆ ಎಲ್ಲಿಂದಲೋ ಕುರಿಗಳ ಗಂಟೆಯ ಸದ್ದು ತೇಲಿ ಬರುತ್ತಿತ್ತು, ಕುರಿ ಮಾತ್ರ ಕಾಣುತ್ತಿರಲಿಲ್ಲ. ನರ್ಸರಿಯಲ್ಲಿ ನೆರಳಿಗೆ ಕಟ್ಟಿದ ಹಸಿರು ಬಲೆಯ ಕೆಳಗೆ ಕಾಲಿಟ್ಟರೆ ಬೇರೆಯೇ ಲೋಕ. ಕೆರೆಯ ನೀರಿನೊಳಗೆ ಮುಳುಗಿ ಕಣ್ಣು ಬಿಟ್ಟಾಗ ಕಾಣುವಂಥ ಬೆಳಕು. ಪ್ಲಾಸ್ಟಿಕ್ ಹೊದಿಕೆಗಳ ಒಳಮೈಯಲ್ಲಿ ಹನಿಗಳು ಕೂಡಿಕೊಂಡು, ಭಾರವಾಗಿ, ಒಂದೊಂದಾಗಿ ಜಾರುತ್ತಿದ್ದವು. ಅಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ಹಾಗೆಂದು ಯಾರೂ ಹೇಳಿರಲಿಲ್ಲ. ಮರಳಿನ ಮಡಿಗಳಲ್ಲಿ ಸಾಲು ಸಾಲಾಗಿ ಕಡ್ಡಿಗಳು ಸುಮ್ಮನೆ ನಿಂತಿರುತ್ತಿದ್ದವು. ಹೊರಗಿನಿಂದ ಬಂದವರಿಗೆ ಅವು ಒಲೆಗೆ ಹಾಕುವ ಪುರಲೆ. ಒಳಗೆ ಏನು ನಡೆಯುತ್ತಿದೆ ಎಂದು ನನಗೆ ಗೊತ್ತು ಎಂಬ ಜಂಬ ನನ್ನದು.

ನಡೆಯುತ್ತಿದ್ದುದು ಇಷ್ಟು. ಕಡ್ಡಿಯ ಮೊಗ್ಗುಗಳಲ್ಲಿ ಆಕ್ಸಿನ್ ಎಂಬ ಒಂದು ರಸ ಹುಟ್ಟುತ್ತದೆ. ಅದು ತುದಿಯಿಂದ ಬುಡದ ಕಡೆಗೆ ಮಾತ್ರ ಹರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಬುಡದಲ್ಲಿ ಕತ್ತರಿಸಿದ ಗಾಯವಿರುವುದರಿಂದ ಮುಂದೆ ದಾರಿಯಿಲ್ಲದೆ ಅಲ್ಲೇ ಕೂಡಿಕೊಳ್ಳುತ್ತದೆ. ಆಗ ಗಾಯದ ಬಳಿಯ ಜೀವಕೋಶಗಳು ತಾವು ಕಾಂಡಕ್ಕೆ ಸೇರಿದವರು ಎಂಬುದನ್ನು ಮರೆತು ಹೊಸದಾಗಿ ಒಡೆಯತೊಡಗುತ್ತವೆ. ಬಿಳಿ ಗಂಟು ಕಟ್ಟುತ್ತದೆ, ಅದರ ಪಕ್ಕದಿಂದಲೇ ಬೇರು ಹೊರಡುತ್ತದೆ. ಇದಕ್ಕೆಲ್ಲ ಬೇಕಾದ ಊಟವನ್ನು ಬಳ್ಳಿ ಮೊದಲೇ ಕಡ್ಡಿಯೊಳಗೆ ಪಿಷ್ಟವಾಗಿ ಕೂಡಿಟ್ಟಿರುತ್ತದೆ. ಕತ್ತರಿಸಿದ ಜಾಗಕ್ಕೆ ಅಯೋಡಿನ್ ಹಚ್ಚಿದಾಗ ನೀಲಿಗಪ್ಪು ಬಣ್ಣ ಬಂದರೆ ಉಗ್ರಾಣ ತುಂಬಿದೆ ಎಂದರ್ಥ. ಇನ್ನೊಂದು ಪರೀಕ್ಷೆಯಲ್ಲಿ, ಅರೆದು ಸೋಸಿದ ರಸಕ್ಕೆ ಗ್ವಯಾಕಾಲ್ ಎಂಬ ದ್ರವವನ್ನೂ ತುಸು ಹೈಡ್ರೋಜನ್ ಪೆರಾಕ್ಸೈಡನ್ನೂ ಹಾಕಿದರೆ ನೋಡನೋಡುತ್ತಲೇ ಇಟ್ಟಿಗೆಯ ಬಣ್ಣ ಏರುತ್ತದೆ. ಪೆರಾಕ್ಸಿಡೇಸ್ ಎಂಬ ಕಿಣ್ವದ ಕೆಲಸ ಅದು. ಬೇರು ಕಣ್ಣಿಗೆ ಕಾಣುವುದಕ್ಕೆ ಎಷ್ಟೋ ಮೊದಲೇ ಆ ಬಣ್ಣ ದಿನದಿಂದ ದಿನಕ್ಕೆ ಏರಿ, ಇಳಿದು ಸುದ್ದಿ ಕೊಡುತ್ತಿತ್ತು. ಮಧ್ಯಾಹ್ನದ ಮೌನದಲ್ಲಿ ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಾನು ಊಟ ಮರೆತದ್ದೂ ಉಂಟು.

ಕಡ್ಡಿ ನೆಡುವ ಹೆಂಗಸರಿಗೆಲ್ಲ ಗಂಗಮ್ಮ ಮುಖಂಡಳು. ಜಗಳೂರಿನವಳೇ, ನನ್ನನ್ನು ತಂಗಿ ಎನ್ನುತ್ತಿದ್ದಳು, ಮಧ್ಯಾಹ್ನ ನನ್ನ ಡಬ್ಬಿಗೆ ಕೇಳದೆಯೇ ಖಾರದ ಚಟ್ನಿ ಹಾಕುತ್ತಿದ್ದಳು. ಅಲ್ಲಿ ಒಂದು ಪದ್ಧತಿ ಇತ್ತು. ಕಡ್ಡಿಯ ಮೇಲ್ತುದಿಯನ್ನು ಓರೆಯಾಗಿ ಕತ್ತರಿಸಬೇಕು, ಬುಡವನ್ನು ಮಟ್ಟಸವಾಗಿ. ಎಲೆ ತೆಗೆದ ಕಡ್ಡಿಗೆ ತಲೆ ಯಾವುದು ಕಾಲು ಯಾವುದು ಎಂದು ಒಮ್ಮೆಗೆ ತಿಳಿಯುವುದಿಲ್ಲ, ಈ ಗುರುತಿದ್ದರೆ ಕೈಗೇ ಗೊತ್ತಾಗುತ್ತದೆ. ಗಂಗಮ್ಮ ಕಡ್ಡಿಯನ್ನು ನೋಡುತ್ತಲೇ ಇರಲಿಲ್ಲ. ಮಾತು ಪಕ್ಕದವಳ ಜೊತೆ, ಹೆಬ್ಬೆರಳು ಕಡ್ಡಿಯ ತುದಿಯ ಮೇಲೆ. ಮಟ್ಟಸವಾದ ತುದಿ ಸಿಕ್ಕಿತೆಂದರೆ ಅದು ಬೇರಿನ ಪುಡಿಯಲ್ಲಿ ಅದ್ದಿ ಮರಳಿಗೆ ಹೋಗುತ್ತಿತ್ತು. ಬೇರಿನ ಪುಡಿ ಎಂದರೆ ಆಕ್ಸಿನ್‌ನಂಥದ್ದೇ ರಾಸಾಯನಿಕ ಬೆರೆಸಿದ ಬಿಳಿ ಹಿಟ್ಟು. ಮದುವೆ ಹೆಣ್ಣಿಗೆ ಪೌಡರ್ ಹಚ್ಚೋದು ಎಂದು ಗಂಗಮ್ಮ ಆ ಕೆಲಸಕ್ಕೆ ಹೆಸರಿಟ್ಟಿದ್ದಳು.

ಚಳಿ ಶುರುವಾದ ಹೊಸತರಲ್ಲಿ ರತ್ನಮ್ಮ ಬಂದರು. ನ್ಯಾಮತಿಯ ಆಸ್ಪತ್ರೆಯಲ್ಲಿ ನರ್ಸ್, ತವರು ಅಲ್ಲೇ ಹತ್ತಿರದ ಗೋವಿನಕೋವಿ. ಹೊನ್ನಾಳಿಯಲ್ಲೊಂದು, ದಾವಣಗೆರೆಯಲ್ಲೊಂದು ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಒಣಗಿದ ಒಂದು ಹಿಡಿ ದ್ರಾಕ್ಷಿ ಕಡ್ಡಿ. ಪ್ರತಿಯೊಂದಕ್ಕೂ ಬಾಡಿದ ಪುಟ್ಟ ಚಿಗುರಿತ್ತು, ಬುಡದಲ್ಲಿ ಬೇರಿನ ಸುಳಿವೂ ಇರಲಿಲ್ಲ. ಜಗಳೂರಿನಲ್ಲಿ ಕಡ್ಡಿಗೆ ಟೆಸ್ಟ್ ಮಾಡುವ ಮೇಡಂ ಇದ್ದಾರೆ ಎಂದು ಯಾರೋ ಹೇಳಿದ್ದರಂತೆ. ರಕ್ತಪರೀಕ್ಷೆಗೆ ಸ್ಯಾಂಪಲ್ ತಂದವರ ಹಾಗೆ ಅದನ್ನು ನನ್ನ ಮೇಜಿನ ಮೇಲಿಟ್ಟು ಎದುರು ಕೂತರು.

ಗೋವಿನಕೋವಿಯ ಅವರ ತವರಿನ ಮುಂದೆ ಚಪ್ಪರಕ್ಕೆ ಹಬ್ಬಿದ ಒಂದು ಹಳೆಯ ಬಳ್ಳಿ. ನೆಟ್ಟವರು ಅವರ ತಂದೆ ಹನುಮಂತಪ್ಪ. ಹರೆಯದಲ್ಲಿ ದೂರದ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿ ಬರುವಾಗ ಒಂದು ಕಡ್ಡಿ ತಂದಿದ್ದರು. ಕೇರಿಯಿಂದಾಚೆ ಸೈಟು ಸಿಕ್ಕಿ ಮನೆ ಕಟ್ಟಿದಾಗ, ಬಾಗಿಲು ಕೂರಿಸುವುದಕ್ಕೆ ಮೊದಲೇ ಅದನ್ನು ನೆಟ್ಟರಂತೆ. ಹಣ್ಣು ಬಿಟ್ಟ ಮೇಲೆ ಊರಿನ ದೊಡ್ಡ ಮನೆಗಳಿಂದಲೂ ಜನ ಬಂದರು, ಜ್ವರದಲ್ಲಿ ಮಲಗಿದವರಿಗೆ ಒಂದು ಗೊಂಚಲು ಬೇಕೆಂದು. ಅದೇ ಜನ ಆ ಮನೆಯಲ್ಲಿ ಒಂದು ಲೋಟ ನೀರು ಮುಟ್ಟುತ್ತಿರಲಿಲ್ಲ. ಹನುಮಂತಪ್ಪ ಯಾರಿಗೂ ಇಲ್ಲ ಎನ್ನಲಿಲ್ಲ. ಕೊಟ್ಟು ಕಳಿಸಿ ಒಳಗೆ ಬಂದು, ಬುದ್ಧನ ಪಟದ ಕೆಳಗೆ ಗೋಡೆಗೊರಗಿ ಕೂತು ಮಕ್ಕಳಿಗೆ ಹೇಳುತ್ತಿದ್ದರಂತೆ: "ನಮ್ಮನೆ ನೀರು ಕುಡಿಯಲ್ಲ ಇವ್ರು. ನಮ್ಮನೆ ನೀರು ಕುಡಿದಿರೋ ಹಣ್ಣು ತಿಂತಾರೆ ನೋಡ್ರಿ." ಹೇಳುತ್ತ ರತ್ನಮ್ಮ ನಕ್ಕರು. ನಾನೂ ನಕ್ಕೆ.

ಈಗ ತಂದೆ ಇರಲಿಲ್ಲ. ಮನೆ ರತ್ನಮ್ಮನ ತಮ್ಮ ಮಂಜಪ್ಪನದು. ಹಳೆ ಮನೆ ಸೋರುತ್ತಿತ್ತು, ಕೆಡವಿ ಆರ್‌ಸಿಸಿ ಕಟ್ಟಿಸುವವನಿದ್ದ, ಪಾಯ ಸರಿಯಾಗಿ ಬಳ್ಳಿಯ ಬುಡದ ಮೇಲೆ ಬರುತ್ತಿತ್ತು. ಅವನದ್ದೂ ತಪ್ಪಿರಲಿಲ್ಲ. ಬಳ್ಳಿಯನ್ನು ನ್ಯಾಮತಿಯಲ್ಲಿ ತಾವಿರುವ ಮನೆಯಂಗಳದಲ್ಲಾದರೂ ಉಳಿಸಿಕೊಳ್ಳೋಣವೆಂದು ರತ್ನಮ್ಮ ವರ್ಷವರ್ಷವೂ ಕಡ್ಡಿ ನೆಟ್ಟಿದ್ದರು. ಪ್ರತಿ ಸಲವೂ ಚಿಗುರಿ, ಆಸೆ ತೋರಿಸಿ, ಒಣಗುತ್ತಿತ್ತು. ಹನುಮಂತಪ್ಪ ನೆಟ್ಟ ಬಳ್ಳಿ ಹನುಮಂತಪ್ಪನ ಮನೆ ಬಿಟ್ಟು ಬರುವುದಿಲ್ಲ ಎಂದು ಊರಿನಲ್ಲಿ ಮಾತಾಗಿತ್ತು. ನರ್ಸ್ ಆಗಿ ತಾನು ಇಂಥದ್ದನ್ನು ನಂಬುವುದಿಲ್ಲ ಎಂದು ರತ್ನಮ್ಮ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹೇಳಿದರು. ಆಗ ನಂಬಿದ್ದಾರೆ ಎಂದು ನನಗೆ ತಿಳಿಯಿತು.

"ಅಪ್ಪಾಜಿ ಹೋದ ದಿನ ನಾನು ಇನ್ಯಾರದೋ ಹೆರಿಗೆ ಮಾಡಿಸ್ತಿದ್ದೆ ಮೇಡಂ" ಅಂದರು. "ಅದಕ್ಕೇ ಏನೋ, ನನ್ನ ಮನೆಗೆ ಬರಾಕೆ ಮನಸಿಲ್ಲ ಅವ್ರಿಗೆ."

ನಾನು ಬ್ಲೇಡು ಕೈಗೆತ್ತಿಕೊಂಡೆ. ತಂದಿದ್ದ ಒಣಗಡ್ಡಿಯೊಂದನ್ನು ಸೀಳಿ ಅಯೋಡಿನ್ ಹಚ್ಚಿದೆ. ನೀಲಿ ಬರಲಿಲ್ಲ, ಅಯೋಡಿನ್ನಿನ ಹಳದಿಯೇ ಹಾಗೆ ಉಳಿಯಿತು. ನರ್ಸರಿಯ ಹೊಸ ಕಡ್ಡಿಯೊಂದಕ್ಕೆ ಹಚ್ಚಿ ತೋರಿಸಿದೆ, ಕಪ್ಪಾಯಿತು. ವಯಸ್ಸಾದ ಬಳ್ಳಿಯ ಕಡ್ಡಿ ಬೇರು ಬಿಡುವುದು ನಿಧಾನ, ಆದರೆ ಮೊಗ್ಗಿಗೆ ಆತುರ ಎಂದು ವಿವರಿಸಿದೆ. ನಮ್ಮ ಸೀಮೆಯ ಬೆಚ್ಚನೆಯ ಗಾಳಿ ತಾಕಿದ್ದೇ ಚಿಗುರೊಡೆದು, ಒಳಗೆ ಕೂಡಿಟ್ಟದ್ದನ್ನೆಲ್ಲ ಆ ಎಲೆಗಳೇ ತಿಂದು ಮುಗಿಸುತ್ತವೆ, ಬೇರಿನ ಸರದಿ ಬರುವಾಗ ಏನೂ ಉಳಿದಿರುವುದಿಲ್ಲ. ರತ್ನಮ್ಮ ಎರಡು ಕಡ್ಡಿಗಳನ್ನೂ ಬಹಳ ಹೊತ್ತು ನೋಡಿದರು. "ಅಂದ್ರೆ ಮನಸಿಲ್ದೆ ಅಲ್ಲ, ಹಸಿದು ಸತ್ತಿರೋದು" ಅಂದರು. ಹೌದೆಂದೆ. ಅಷ್ಟಕ್ಕೇ ಅವರ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಹೋಗುವಾಗ ನನ್ನ ಕೈ ಹಿಡಿದು, ಹೆಂಗಾದರೂ ಮಾಡಿ ಒಂದಾದರೂ ಉಳಿಸಿಕೊಡಿ ಎಂದರು. ಉಳಿಸುತ್ತೇನೆ ಎಂದು ಧೈರ್ಯವಾಗಿ ಹೇಳಿದೆ. ಒಳಗೆ ಅಷ್ಟು ಧೈರ್ಯವೇನೂ ಇರಲಿಲ್ಲ.

ಮಾಗಿಯ ಚಳಿ ಬಲಿತು ಕಡ್ಡಿಯಲ್ಲಿ ಪಿಷ್ಟ ತುಂಬಿದ ಮೇಲೆ ನಾನೇ ಗೋವಿನಕೋವಿಗೆ ಹೋಗಿ ಕತ್ತರಿಸುವುದೆಂದೂ, ಮಹೇಶ್ವರಪ್ಪನವರು ಒಂದು ಮೂಲೆ ಬಿಟ್ಟುಕೊಡುವುದೆಂದೂ ಮಾತಾಯಿತು. ಆದರೆ ಮನೆ ಕೆಡವಲು ಗೊತ್ತುಮಾಡಿದ್ದ ಜೆಸಿಬಿಯವನಿಗೆ ಬೇರೆಲ್ಲೋ ಕೆಲಸ ತಪ್ಪಿ ಒಂದು ದಿನ ಬಿಡುವಾಯಿತು. ಹೇಳಿದ್ದಕ್ಕಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಂತ. ಮಂಜಪ್ಪ ಅಕ್ಕನಿಗೆ ಫೋನ್ ಮಾಡಿದ. ರತ್ನಮ್ಮ ಡ್ಯೂಟಿ ಸೀರೆಯಲ್ಲೇ ಓಡಿದರು. ಯಂತ್ರ ಗುರುಗುಟ್ಟುತ್ತ ಕಾಯುತ್ತಿರುವಾಗ ಚಪ್ಪರದ ಕೆಳಗೆ ನಿಂತು, ಕೈಗೆ ಸಿಕ್ಕಿದ ಬಲಿತ ಕಡ್ಡಿಗಳನ್ನೆಲ್ಲ ಕುಡುಗೋಲಿನಿಂದ ತಾವೇ ಕತ್ತರಿಸಿದರು. ಅವರ ಕಣ್ಣೆದುರೇ ಬುಡ ಕಿತ್ತು ಬಂತು. ತಮ್ಮನ ಮುಖವನ್ನೂ ನೋಡದೆ ಹೊರಟರು, ಅಂದಿನಿಂದ ಅವನ ಜೊತೆ ಮಾತು ಬಿಟ್ಟರು.

ಫ್ರೀ ಬಸ್ಸುಗಳ ನೂಕುನುಗ್ಗಲಿನಲ್ಲಿ ಆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ರತ್ನಮ್ಮ ಜಗಳೂರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಸುತ್ತಿದ್ದ ಒದ್ದೆ ಗೋಣಿಯನ್ನು ಬಿಚ್ಚಿದೆವು, ಅದರ ವಾಸನೆ ಬಲೆಯ ಕೆಳಗೆಲ್ಲ ಹರಡಿತು. ಮಿಕ್ಕ ಹೆಂಗಸರು ಹೊರಟುಹೋಗಿದ್ದರು, ಗಂಗಮ್ಮ ಮಾತ್ರ ನಮಗಾಗಿ ಉಳಿದಳು. ಎಲ್ಲ ಕಡ್ಡಿಗೂ ಒಂದು ತುದಿ ಓರೆ, ಒಂದು ತುದಿ ಮಟ್ಟಸ. ಅಷ್ಟು ಗಾಬರಿಯಲ್ಲೂ ಪದ್ಧತಿ ಪ್ರಕಾರ ಕತ್ತರಿಸಿದ್ದಾರಲ್ಲ ಎಂದು ನಾನು ಮೆಚ್ಚಿಕೊಂಡೆ. ಗಂಗಮ್ಮನ ಹೆಬ್ಬೆರಳು ತನ್ನ ಕೆಲಸ ಮಾಡುತ್ತ ಹೋಯಿತು. ಮಟ್ಟಸ ತುದಿಗೆ ಪುಡಿ, ಆಮೇಲೆ ಮರಳು, ನೀರು, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ರತ್ನಮ್ಮ ಆ ಹೊದಿಕೆಯ ಅಂಚನ್ನು ಮಲಗಿದವರಿಗೆ ಕಂಬಳಿ ಸರಿಮಾಡುವಂತೆ ಸರಿಮಾಡಿ ಕೊನೆಯ ಬಸ್ಸಿಗೆ ಹೊರಟರು.

ಆಮೇಲೆ ಉಳಿದದ್ದು ಕಾಯುವುದು. ಆ ದಿನಗಳನ್ನು ಈಗ ನೆನೆದರೆ ಎಲ್ಲ ಒಂದೇ ಉದ್ದನೆಯ ಮಧ್ಯಾಹ್ನದಂತೆ ಕಾಣುತ್ತದೆ. ಗಾಳಿ ಬಲೆಯನ್ನು ಉಬ್ಬಿಸಿ ಇಳಿಸುತ್ತಿತ್ತು, ನೆರಳು ಮಡಿಗಳ ಮೇಲೆ ಉಸಿರಾಡುತ್ತಿತ್ತು. ಸುತ್ತಲಿನ ಕಡ್ಡಿಗಳೆಲ್ಲ ಚಿಗುರಿದವು. ರತ್ನಮ್ಮನ ಮೂಲೆ ಮಾತ್ರ ಅಲ್ಲಾಡಲಿಲ್ಲ. ಅವರು ಡ್ಯೂಟಿಯ ನಡುವೆ ಫೋನ್ ಮಾಡುತ್ತಿದ್ದರು, ನಾನು ಇನ್ನೂ ನಿದ್ದೆಯಲ್ಲಿವೆ ಎನ್ನುತ್ತಿದ್ದೆ. ನಿದ್ದೆಯೋ ಸಾವೋ ನನಗೇ ಗೊತ್ತಿರಲಿಲ್ಲ. ತಿಳಿಯುವ ದಾರಿ ಇತ್ತು, ಒಂದು ಕಡ್ಡಿಯನ್ನು ಅರೆದರೆ ಕಿಣ್ವದ ಬಣ್ಣ ನೋಡಿ ಹೇಳಬಹುದಿತ್ತು. ಅರೆದದ್ದು ಮಾತ್ರ ಹೋದಂತೆಯೇ. ಒಂದನ್ನು ಅರೆಯಲೇ ಎಂದು ರತ್ನಮ್ಮನನ್ನು ಕೇಳಿಯೇ ಬಿಟ್ಟೆ. ವಾರ್ಡಿನ ಗದ್ದಲದ ನಡುವೆಯೇ ಅವರು ಹೇಳಿದರು:

"ಬ್ಯಾಡ ಮೇಡಂ. ನಂಗೆ ಗೊತ್ತಾಗೋದು ಬ್ಯಾಡ, ಅದು ಬದುಕಿದ್ರೆ ಸಾಕು."

ನನ್ನ ಓದೆಲ್ಲ ಇದ್ದದ್ದು ಗೊತ್ತುಮಾಡಿಕೊಳ್ಳುವುದರಲ್ಲೇ. ಗೊತ್ತಾಗದೆ ಸುಮ್ಮನೆ ಪಕ್ಕದಲ್ಲಿ ಕೂತಿರುವುದನ್ನು ಆ ಚಳಿಗಾಲ ಕಲಿತೆ. ಸಂಜೆ ಕೆಲಸ ಮುಗಿದ ಮೇಲೆ ಆ ಮೂಲೆಯ ಹತ್ತಿರ ಒಂದು ಕ್ರೇಟ್ ಬೋರಲು ಹಾಕಿ ಕೂರುತ್ತಿದ್ದೆ. ಒಮ್ಮೊಮ್ಮೆ ಕಡ್ಡಿಗಳೊಳಗೆ ರಸ ಹರಿಯುವ ಸದ್ದು ಕೇಳಿದಂತಾಗುತ್ತಿತ್ತು. ಅದು ದೂರದ ಹನಿ ನೀರಾವರಿಯ ಪೈಪು ಇರಬೇಕು.

ಒಂದು ಬೆಳಿಗ್ಗೆ ಗಂಗಮ್ಮ ಕರೆದಳು. ಕಡ್ಡಿಗೆ ಬೂಷ್ಟು ಹಿಡಿದಿದೆ, ಕಿತ್ತು ಸುಡದಿದ್ದರೆ ಪಕ್ಕದ ಮಡಿಗೂ ಹತ್ತುತ್ತದೆ ಎಂದಳು. ಮಹೇಶ್ವರಪ್ಪನವರೂ ಬಂದು ಸಂಕೋಚದಿಂದ ನಿಂತಿದ್ದರು. ನೋಡಿದೆ. ಮೇಲಿನ ಓರೆ ತುದಿಗಳ ಮೇಲೆ ಬೆಳ್ಳಗೆ ಏನೋ ಕಟ್ಟಿತ್ತು. ಲೆನ್ಸ್ ಹಿಡಿದು ಬಗ್ಗಿದೆ. ಬೂಷ್ಟು ಆಗಿರಲಿಲ್ಲ. ಬೆಂದ ರವೆಯಂತೆ ಹರಳು ಹರಳಾದ ಗಂಟು, ಅದರ ಅಂಚಿನಲ್ಲಿ ಅಲ್ಲಲ್ಲಿ ಒಂದು ಬಿಳಿ ಮೊನೆ ಇಣುಕುತ್ತಿತ್ತು. ಬೇರು, ಆಕಾಶದ ಕಡೆಗೆ ಮುಖ ಮಾಡಿಕೊಂಡು. ಇನ್ನೂ ಕನಸಿನಲ್ಲೇ ಇದ್ದೇನೆ ಅನಿಸಿತು. ಆಮೇಲೆ ಮೊಗ್ಗುಗಳನ್ನು ನೋಡಿದೆ. ದ್ರಾಕ್ಷಿಯಲ್ಲಿ ಎಲೆ ಕಳಚಿದ ಗುರುತಿನ ಮೇಲ್ಗಡೆ ಮೊಗ್ಗು ಕೂತಿರುತ್ತದೆ. ಇಲ್ಲಿ ಕೆಳಗಡೆ ಕೂತಿತ್ತು. ಇಡೀ ಮೂಲೆ ತಲೆಕೆಳಗಾಗಿ ನಿಂತಿತ್ತು.

ಅಲ್ಲಿಂದಲೇ ರತ್ನಮ್ಮನಿಗೆ ಫೋನ್ ಮಾಡಿ, ಹೇಗೆ ಕತ್ತರಿಸಿದಿರಿ ಎಂದು ಕೇಳಿದೆ. ಅವರ ಕಡೆ ದಾಸವಾಳವಾಗಲಿ ನುಗ್ಗೆಯಾಗಲಿ, ಟೊಂಗೆ ನೆಡುವಾಗ ಬುಡವನ್ನು ಚೂಪು ಮಾಡುತ್ತಾರೆ, ನೆಲಕ್ಕೆ ಸಲೀಸಾಗಿ ಇಳಿಯಲೆಂದು. ಅವರಿಗೆ ಓರೆ ಎಂದರೆ ಕಾಲು, ನಮಗೆ ಓರೆ ಎಂದರೆ ತಲೆ. ಗಂಗಮ್ಮ ಹಣೆ ಚಚ್ಚಿಕೊಂಡಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಮಹೇಶ್ವರಪ್ಪನವರೂ ನಕ್ಕರು. ನನಗೂ ನಗು ಬಂತು.

ಕೂತು ಯೋಚಿಸಿದಂತೆ ಒಂದೊಂದೇ ಅರ್ಥವಾಗುತ್ತ ಬಂತು. ಆಕ್ಸಿನ್‌ಗೆ ಮೇಲೆ ಕೆಳಗೆ ಎಂಬುದಿಲ್ಲ, ತುದಿ ಬುಡ ಎಂಬುದಷ್ಟೇ ಗೊತ್ತು. ಕಡ್ಡಿಯನ್ನು ಹೇಗೆ ತಿರುಗಿಸಿ ನಿಲ್ಲಿಸಿದರೂ ಅದು ಹುಟ್ಟಿದಾಗಿನ ಬುಡವನ್ನೇ ಹುಡುಕಿಕೊಂಡು ಹೋಗುತ್ತದೆ. ತಪ್ಪಿ ತಲೆಗೆ ಮೆತ್ತಿದ ಪುಡಿ ಮೊಗ್ಗುಗಳನ್ನು ಅದುಮಿ ಮಲಗಿಸಿರಬೇಕು, ಒಳಗೊಳಗೇ ಏರಿ ಬುಡವನ್ನೂ ಸೇರಿರಬೇಕು. ಮೊಗ್ಗುಗಳು ತಣ್ಣನೆಯ ಮರಳಿನ ಕತ್ತಲಲ್ಲಿದ್ದವು. ಬುಡ ಮಾತ್ರ ಪ್ಲಾಸ್ಟಿಕ್ಕಿನ ಕೆಳಗೆ ಬಿಸಿಲಿನ ಕಾವಿನಲ್ಲಿ, ಹನಿಗಳ ತೇವದಲ್ಲಿ ಬೆಚ್ಚಗಿತ್ತು. ಹೀಗೆ ಚಿಗುರು ಮಲಗಿತ್ತು, ಬೇರು ಎಚ್ಚರವಾಗಿತ್ತು. ಇಷ್ಟು ವರ್ಷ ಆ ಬಳ್ಳಿಗೆ ಬೇಕಾಗಿದ್ದದ್ದು ಅದೇ. ಚಳಿ ದೇಶಗಳಲ್ಲಿ ಕಡ್ಡಿಗಳನ್ನು ಬೇಕೆಂದೇ ಹೀಗೆ ತಲೆಕೆಳಗಾಗಿ ಹೂಳಿಡುವುದುಂಟು ಎಂದು ಆಮೇಲೆ ನನ್ನನ್ನು ಕಳಿಸಿದ್ದ ಮೇಡಂ ಹೇಳಿದರು. ನಮ್ಮಲ್ಲಿ ಮಾತ್ರ ಎರಡು ಊರಿನ ಕೈಗಳು ಒಂದನ್ನೊಂದು ತಪ್ಪು ತಿಳಿದದ್ದರಿಂದ ಅದು ನಡೆದುಹೋಗಿತ್ತು.

ಇನ್ನು ತಿರುಗಿಸಿ ನೆಡಬೇಕು. ಬೇರಿನ ಮೊನೆ ಮುರಿದರೆ ಇನ್ನೊಂದು ಹುಟ್ಟಿಸುವಷ್ಟು ಊಟ ಒಳಗಿಲ್ಲ. ಗಂಗಮ್ಮ ಅಂದು ಒಂದೊಂದು ಕಡ್ಡಿಯನ್ನೂ ಕಣ್ಣಿಟ್ಟು ನೋಡಿ ನೆಟ್ಟಳು, ಮಾತಿಗೆಳೆದವರನ್ನು ಗದರಿದಳು. ಆದರೂ ಹಲವು ಕರಗಿ ಹೋದವು. ಉಳಿದವು ಶಿವರಾತ್ರಿಯ ಹೊತ್ತಿಗೆ ಮೊಗ್ಗೊಡೆದು ನಸುಗೆಂಪು ಚಿಗುರು ಬಿಟ್ಟವು. ಈ ಸಲ ಅವುಗಳ ಕೆಳಗೆ ಬೇರಿತ್ತು.

ಯುಗಾದಿ ಕಳೆದ ಮೇಲೆ ರತ್ನಮ್ಮ ಗಿಡ ಒಯ್ಯಲು ಬಂದರು. ಬಲೆಯ ಕೆಳಗೆ ಮಂಡಿಯೂರಿ ಕೂತು ಒಂದು ಎಲೆಯನ್ನು ಹೆಬ್ಬೆರಳಿನಿಂದ ಸವರಿದರು. ಖುಷಿಯಾಗಿರುತ್ತಾರೆ ಎಂದುಕೊಂಡಿದ್ದೆ, ಮುಖ ಹಾಗೆ ಕಾಣಲಿಲ್ಲ. ಬುಡ ಕಿತ್ತ ದಿನದಿಂದ ಮನೆಯಲ್ಲಿ ಮತ್ತೊಮ್ಮೆ ಸಾವಾದಂತೆ ಅನಿಸುತ್ತಿದೆಯಂತೆ, ಹಬ್ಬಕ್ಕೆ ಸಿಹಿಯನ್ನೂ ಮಾಡಲಿಲ್ಲವಂತೆ. ಅಪ್ಪಾಜಿಯ ಬಳ್ಳಿ ಹೋಯಿತು, ಅದರ ಸಂತಾನವಾದರೂ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವುದು ಎಂದರು.

"ಇದು ಆ ಬಳ್ಳಿಗೆ ಏನಾಗ್ಬೇಕು ಮೇಡಂ, ಮಗಳಾ, ಮೊಮ್ಮಗಳಾ?"

ನಾನು ಅವರ ಪಕ್ಕದಲ್ಲಿ ಕೂತೆ. ಬೀಜದಿಂದ ಹುಟ್ಟಿದ್ದರೆ ಮಗಳು ಎನ್ನಬಹುದಿತ್ತು, ಕಡ್ಡಿಯಿಂದ ಬಂದದ್ದು ಹಾಗಲ್ಲ ಎಂದು ಹೇಳಿದೆ. ಅವರ ತಂದೆ ತಂದ ಕಡ್ಡಿಯ ಜೀವಕೋಶಗಳೇ ಒಡೆದು ಒಡೆದು ಅಷ್ಟು ದೊಡ್ಡ ಚಪ್ಪರವಾದವು. ಅವೇ ಒಡೆಯುತ್ತ ಈ ಎಲೆಯವರೆಗೆ ಬಂದಿವೆ, ನಡುವೆ ಎಲ್ಲೂ ನಿಂತಿಲ್ಲ. ಗೋವಿನಕೋವಿಯಲ್ಲಿ ಕಿತ್ತದ್ದು ಅದು ನಿಂತಿದ್ದ ಜಾಗವನ್ನು. ಬಳ್ಳಿ ಜಾಗ ಬದಲಿಸಿದೆ ಅಷ್ಟೆ.

"ಅಂದ್ರೆ ಅಪ್ಪಾಜಿ ನೆಟ್ಟಿದ್ದು ಇದೇನಾ?"

"ಇದೇ ರೀ."

ಅವರು ಎಲೆಯ ಮೇಲಿದ್ದ ಕೈ ತೆಗೆಯಲಿಲ್ಲ. ನೋಡುತ್ತಿದ್ದಂತೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಗಂಗಮ್ಮ ನೀರಿನ ಪೈಪು ಹಿಡಿದು ಬಂದವಳು ಹಾಗೇ ನಿಂತಳು. ರತ್ನಮ್ಮ ಬ್ಯಾಗಿನಿಂದ ಮೊಬೈಲು ತೆಗೆದು, ತಿಂಗಳುಗಟ್ಟಲೆ ಮಾತಾಡದೆ ಬಿಟ್ಟಿದ್ದ ತಮ್ಮನ ನಂಬರು ಒತ್ತಿದರು. ಅವನು ಎತ್ತಿದ ಕೂಡಲೇ, ಹೆಂಗಿದೀಯ ಎಂದು ಕೂಡ ಕೇಳದೆ ಹೇಳಿದರು:

"ಮಂಜಾ, ಅದು ಸತ್ತಿಲ್ಲ ಕಣೋ. ಇಲ್ಲಿ ಜಗಳೂರಾಗೈತೆ. ಮನೆಗೆ ಕರ್ಕಂಡು ಬರ್ತಾ ಇದೀನಿ, ನ್ಯಾಮತಿ ಬಸ್‌ಸ್ಟ್ಯಾಂಡಿಗೆ ಬಾ."